ಹಳೇ ಕಾರಿಗೆ ಇ20: ಯಾವ ಪೈಪು, ಯಾವ ಸೀಲು, ಯಾವ ಜೆಟ್ ಬದಲಿಸಬೇಕು?

ಹಳೇಗಾಡಿ_ಮೈಸೂರು

ಎಲ್ಲರಿಗೂ ನಮಸ್ಕಾರ. ನನ್ನದು 1996ರ ಮಾರುತಿ 800, ಕಾರ್ಬೊರೇಟರ್ (ಪೆಟ್ರೋಲ್, ಗಾಳಿ ಬೆರೆಸುವ ಭಾಗ) ಇರುವ ಗಾಡಿ. ದಿನಾ ಓಡಿಸಲ್ಲ, ವಾರಕ್ಕೊಮ್ಮೆ ತೆಗೆಯುತ್ತೇನೆ. ನಮ್ಮ ಕಡೆ ಬಂಕ್‌ಗಳಲ್ಲಿ ಈಗ ಇ20, ಅಂದರೆ ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್ ಬಿಟ್ಟರೆ ಬೇರೆ ಮಾಮೂಲಿ ಪೆಟ್ರೋಲ್ ಸಿಗುತ್ತಿಲ್ಲ.

ತೊಂದರೆ ಇಷ್ಟು. ಬಾನೆಟ್ ಎತ್ತಿದರೆ ಪೆಟ್ರೋಲ್ ವಾಸನೆ. ಪಂಪಿನಿಂದ ಕಾರ್ಬೊರೇಟರ್‌ಗೆ ಹೋಗುವ ರಬ್ಬರ್ ಪೈಪು ಮೆತ್ತಗಾಗಿದೆ, ಕ್ಲಾಂಪ್ ಪಕ್ಕದಲ್ಲಿ ಉಬ್ಬಿದೆ. ಬೆಳಿಗ್ಗೆ ಚೋಕ್ ಎಳೆದರೂ ಸ್ಟಾರ್ಟ್ ಆಗೋಕೆ ಸತಾಯಿಸುತ್ತದೆ. ಆಕ್ಸಿಲರೇಟರ್ ಒತ್ತಿದ ತಕ್ಷಣ ಒಂದು ಸಲ ಮುಗ್ಗರಿಸಿ ಆಮೇಲೆ ಎತ್ತುತ್ತದೆ.

ಒಬ್ಬ ಮೆಕ್ಯಾನಿಕ್ ಜೆಟ್ (ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಹರಿಯುವ ಸಣ್ಣ ರಂಧ್ರದ ತುಣುಕು) ದೊಡ್ಡದು ಹಾಕಿಸಿ ಅಂದರು. ಇನ್ನೊಬ್ಬರು ಪೈಪ್ ಬದಲಿಸಿದರೆ ಸಾಕು ಅಂದರು. ಮೂರನೆಯವರು ಎಥೆನಾಲ್ ತೊಂದರೆ ತಡೆಯುತ್ತದೆ ಅಂತ ಟ್ಯಾಂಕಿಗೆ ಸುರಿಯುವ ದ್ರವದ ಬಾಟಲಿ ಮಾರಲು ನೋಡಿದರು. ಯಾವುದು ಮೊದಲು, ಯಾವುದು ಬೇಡ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಸ್ಪ್ಯಾನರ್_ಹುಬ್ಬಳ್ಳಿ

ಸರ್, ಜೆಟ್ ಮಾತು ಆಮೇಲೆ. ಮೊದಲು ಆ ಪೈಪ್ ತೆಗೆಯಿರಿ, ಇವತ್ತೇ. ಅದು ಕೂತಿರುವುದು ಬಿಸಿ ಇಂಜಿನ್ ಪಕ್ಕದಲ್ಲಿ. ಲೀಕ್ ಆಗಿ ಬೆಂಕಿ ಹತ್ತಿದರೆ ಮೈಲೇಜ್ ಲೆಕ್ಕ ಹಾಕೋಕೆ ಗಾಡಿನೇ ಇರಲ್ಲ.

ಒಂದು ಪೈಪ್ ಉಬ್ಬಿದೆ ಅಂದರೆ ಅದೇ ವಯಸ್ಸಿನ ಬೇರೆ ರಬ್ಬರ್ ಎಲ್ಲಾ ಅದೇ ದಾರಿಯಲ್ಲಿದೆ. ನಾನು ಟ್ಯಾಂಕಿನಿಂದ ಶುರು ಮಾಡಿ ಮುಂದೆ ಬರುತ್ತೇನೆ. ಪೆಟ್ರೋಲ್ ಹಾಕುವ ಬಾಯಿಂದ ಟ್ಯಾಂಕಿಗೆ ಸೇರುವ ದಪ್ಪ ರಬ್ಬರ್, ಗೇಜ್ ಫ್ಲೋಟ್ ಕೂರುವ ಗ್ಯಾಸ್ಕೆಟ್, ಮುಂದಕ್ಕೆ ಬರುವ ಪೈಪು, ವಾಪಸ್ ಹೋಗುವ ರಿಟರ್ನ್ ಪೈಪು, ಆವಿ ಹೋಗುವ ಸಣ್ಣ ಪೈಪು. ಮೇಲೆ ಕಾಣುವ ಒಂದು ಅಡಿ ಪೈಪ್ ಬದಲಿಸಿ ಕೆಳಗಿನದು ಬಿಟ್ಟು ಕಳಿಸುವವರೇ ಜಾಸ್ತಿ. ಆಮೇಲೆ ನಿಮ್ಮ ಗಾಡಿಯ ಮೆಕ್ಯಾನಿಕಲ್ ಪಂಪ್. ಅದರೊಳಗೆ ರಬ್ಬರ್ ಡಯಾಫ್ರಮ್, ಅಂದರೆ ತೆಳು ಪೊರೆ ಇದೆ. ಅದು ಹರಿದರೆ ಪೆಟ್ರೋಲ್ ಇಂಜಿನ್ ಆಯಿಲ್‌ಗೆ ಇಳಿಯಬಹುದು. ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಆಯಿಲ್ ಮಟ್ಟ ಸುಮ್ಮಸುಮ್ಮನೆ ಏರಿದ್ದರೆ ಗಾಡಿ ಓಡಿಸಬೇಡಿ.

ಕಾರ್ಬೊರೇಟರ್ ಒಳಗೆ ಮೂರು ಕಡೆ ಕಣ್ಣು ಹಾಕಿ. ಫ್ಲೋಟ್ ನೀಡಲ್‌ನ ತುದಿ, ಆಕ್ಸಿಲರೇಟರ್ ಪಂಪಿನ ಡಯಾಫ್ರಮ್, ಬೌಲ್ ಗ್ಯಾಸ್ಕೆಟ್. ನಿಮ್ಮ ಆ ಮುಗ್ಗರಿಕೆ ಇದೆಯಲ್ಲ, ನನ್ನ ಅನುಮಾನ ಪೂರ್ತಿ ಆಕ್ಸಿಲರೇಟರ್ ಪಂಪ್ ಮೇಲೆ. ಡಯಾಫ್ರಮ್ ಗಟ್ಟಿಯಾಗಿಯೋ ಊದಿಯೋ ಹೋದರೆ ಒತ್ತಿದ ಕೂಡಲೇ ಬೀಳಬೇಕಾದ ಚಿಲುಮೆ ಬೀಳಲ್ಲ. ಏರ್ ಫಿಲ್ಟರ್ ಮುಚ್ಚಳ ತೆಗೆದು, ಇಂಜಿನ್ ಬಂದ್ ಇರುವಾಗಲೇ, ಥ್ರಾಟಲ್ ಕೈಯಲ್ಲಿ ಎಳೆದು ನೋಡಿ. ಸರಿಯಾಗಿ ಒಂದು ಧಾರೆ ಬರಬೇಕು. ಹನಿ ಹನಿ ಬಂದರೆ ಕಾರಣ ಅದೇ.

ಅನುಮಾನ_ಹಾಸನ

ಒಂದು ಪ್ರಶ್ನೆ ಕೇಳ್ತೀನಿ, ಬೇಜಾರು ಮಾಡಿಕೊಳ್ಳಬೇಡಿ. ಇಪ್ಪತ್ತೈದು ಮೂವತ್ತು ವರ್ಷದ ರಬ್ಬರ್ ಯಾವ ಪೆಟ್ರೋಲ್ ಹಾಕಿದರೂ ಸಾಯುತ್ತದೆ, ಅಲ್ವಾ? ಎಲ್ಲಾ ತಪ್ಪನ್ನೂ ಎಥೆನಾಲ್ ತಲೆಗೆ ಕಟ್ಟುವುದು ಫ್ಯಾಷನ್ ಆಗಿದೆ. ಶೇ 5 ಬೆರೆಸುವ ಯೋಜನೆ 2003ರಲ್ಲೇ ಶುರುವಾಯಿತು. 2022ರ ಜೂನ್‌ಗೆ ಶೇ 10 ಆಯಿತು. ಆಗ ಯಾರೂ ಮಾತಾಡಲಿಲ್ಲ.

ಲ್ಯಾಬ್_ಬೆಂಗಳೂರು

ಹಾಸನದವರ ಮಾತಿನಲ್ಲಿ ಅರ್ಧ ಸರಿ ಇದೆ. ವಯಸ್ಸಾದ ರಬ್ಬರ್ ಹೇಗೂ ಹೋಗುತ್ತದೆ. ಆದರೆ ಎಥೆನಾಲ್ ಅದನ್ನು ಬೇರೆ ರೀತಿ ಕೊಲ್ಲುತ್ತದೆ. ನಾನು ಕೆಲಸ ಮಾಡುವುದು ಪಾಲಿಮರ್ ಕ್ಷೇತ್ರದಲ್ಲಿ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಹಳೇ ಪೈಪುಗಳು ಸಾಮಾನ್ಯವಾಗಿ ನೈಟ್ರೈಲ್ ರಬ್ಬರ್. ಪೆಟ್ರೋಲ್ ಒಂದನ್ನೇ ಅದು ಚೆನ್ನಾಗಿ ತಡೆಯುತ್ತದೆ, ಎಥೆನಾಲ್ ಒಂದನ್ನೇ ಹಾಕಿದರೂ ಪರವಾಗಿಲ್ಲ. ಎರಡೂ ಬೆರೆತಾಗ ಎರಡಕ್ಕಿಂತಲೂ ಜಾಸ್ತಿ ಊದುತ್ತದೆ. ಊದಿದ ರಬ್ಬರ್‌ನಿಂದ ಅದನ್ನು ಮೃದುವಾಗಿ ಇಡುವ ಎಣ್ಣೆಯಂಥ ವಸ್ತು ಕರಗಿ ಹೊರಗೆ ಹೋಗುತ್ತದೆ. ಆಮೇಲೆ ಗಾಡಿ ನಿಂತು ಪೈಪ್ ಒಣಗಿದಾಗ ಕುಗ್ಗುತ್ತದೆ, ಬಿರುಕು ಬಿಡುತ್ತದೆ. ವಾರಕ್ಕೊಮ್ಮೆ ತೆಗೆಯುವ ಗಾಡಿಯಲ್ಲಿ ಈ ನೆನೆಯುವ ಒಣಗುವ ಆಟ ಪದೇ ಪದೇ ನಡೆಯುತ್ತದೆ. ದಿನಾ ಓಡುವ ಟ್ಯಾಕ್ಸಿಗಿಂತ ಮನೆಯಲ್ಲಿ ನಿಂತ ಗಾಡಿ ಬೇಗ ಲೀಕ್ ಆಗುವುದಕ್ಕೆ ಇದೂ ಒಂದು ಕಾರಣ.

ಕೊಳ್ಳುವಾಗ ಪೈಪಿನ ಮೇಲಿನ ಬರಹ ಓದಿ. ಎಸ್‌ಎಇ ಜೆ30 (ಇಂಧನ ಪೈಪಿನ ಗುಣಮಟ್ಟದ ಗುರುತು) ಅಂತ ಇರುತ್ತದೆ, ಪಕ್ಕದಲ್ಲಿ ಆರ್7 ಅಥವಾ ಆರ್9. ಆರ್7 ಹಳೇ ಕಾಲದ ಕಡಿಮೆ ಒತ್ತಡದ ಪೈಪ್. ಆರ್9ರ ಒಳಪದರ ಫ್ಲೋರೋ ರಬ್ಬರ್, ಅಂದರೆ ಅಂಗಡಿಯಲ್ಲಿ ವಿಟಾನ್ ಅಂತ ಕರೆಯುವ ಜಾತಿ. ಎಥೆನಾಲ್‌ಗೆ ಅದೇ ಬೇಕು. ನಿಮ್ಮ ಕಾರ್ಬೊರೇಟರ್ ಗಾಡಿಯ ಒತ್ತಡಕ್ಕೆ ಆರ್9 ಅಗತ್ಯಕ್ಕಿಂತ ಗಟ್ಟಿ, ಆದರೆ ಒಳಪದರಕ್ಕಾಗಿ ಅದನ್ನೇ ಹಾಕಿ.

ಒಂದು ಎಚ್ಚರಿಕೆ. ಆರ್9 ಪೈಪನ್ನು ಟ್ಯಾಂಕಿನ ಒಳಗೆ ಮುಳುಗಿಸಬೇಡಿ. ಅದರ ಹೊರಪದರ ಮಾಮೂಲಿ ರಬ್ಬರ್, ಪೆಟ್ರೋಲ್‌ನಲ್ಲಿ ಮುಳುಗಿ ಕೂರಲು ಮಾಡಿದ್ದಲ್ಲ. ಮುಳುಗುವ ಜಾಗಕ್ಕೆ ಆರ್10 ಅಂತ ಬೇರೆಯೇ ಇದೆ. ಇಂಜೆಕ್ಷನ್ ಗಾಡಿಯಲ್ಲಿ (ಕಾರ್ಬೊರೇಟರ್ ಬದಲು ಇಂಜೆಕ್ಟರ್ ಪೆಟ್ರೋಲ್ ಸಿಂಪಡಿಸುವ ಗಾಡಿ) ಪಂಪ್ ಟ್ಯಾಂಕಿನ ಒಳಗಿರುವವರಿಗೆ ಈ ಮಾತು ಮುಖ್ಯ.

ಸ್ಪ್ಯಾನರ್_ಹುಬ್ಬಳ್ಳಿ

ಮೇಡಂ ಹೇಳಿದ್ದು ಸರಿ, ಆದರೆ ಬರಹ ನಂಬಿ ಮೋಸ ಹೋಗಬೇಡಿ. ಆರ್9 ಅಂತ ಅಚ್ಚು ಹಾಕಿದ ಡೂಪ್ಲಿಕೇಟ್ ಪೈಪು ಬೇಕಾದಷ್ಟು ಬರುತ್ತದೆ. ಕತ್ತರಿಸಿದ ತುದಿ ನೋಡಿ. ಅಸಲಿ ಆಗಿದ್ದರೆ ಒಳಪದರ, ಮಧ್ಯೆ ನೂಲು, ಹೊರಪದರ ಅಂತ ಗೆರೆ ಬೇರೆ ಬೇರೆ ಕಾಣುತ್ತದೆ. ಪೂರ್ತಿ ಒಂದೇ ಕರಿ ರಬ್ಬರ್ ಆಗಿದ್ದರೆ ವಾಪಸ್ ಕೊಡಿ.

ಇನ್ನೂ ಅನುಮಾನ ಇದ್ದರೆ ಎರಡಿಂಚು ತುಂಡನ್ನು ಮುಚ್ಚಳ ಇರುವ ಗಾಜಿನ ಬಾಟಲಿಯಲ್ಲಿ ಇ20ರಲ್ಲಿ ಒಂದು ವಾರ ಬಿಡಿ. ಹಾಕುವ ಮುಂಚೆ ವರ್ನಿಯರ್‌ನಲ್ಲಿ ಅಳೆಯಿರಿ, ತೆಗೆದ ಮೇಲೆ ಅಳೆಯಿರಿ. ಆಮೇಲೆ ಎರಡು ದಿನ ಒಣಗಿಸಿ, ಬಗ್ಗಿಸಿ ನೋಡಿ. ಕಳಪೆ ಪೈಪ್ ಅಲ್ಲೇ ಬಣ್ಣ ಬಯಲು ಮಾಡುತ್ತದೆ. ಬಾಟಲಿಯನ್ನು ಅಡುಗೆಮನೆಯಲ್ಲಿ ಮಾತ್ರ ಇಡಬೇಡಿ.

ಪಂಚೆ_ಪೆಟ್ರೋಲ್

ಬೆಂಗಳೂರಿನವರು ಬಿಡಿಭಾಗ ಕೊಳ್ಳಲು ಜೆ.ಸಿ. ರಸ್ತೆಗೆ ಹೋಗುವುದಾದರೆ ಹಳೇ ಪಾರ್ಟ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಬಾಯಲ್ಲಿ ವಿವರಿಸಿದರೆ ಏನೋ ಒಂದು ಕೊಟ್ಟು ಕಳಿಸುತ್ತಾರೆ. ಮತ್ತೆ ಬಂದು ಬದಲಿಸುವಷ್ಟರಲ್ಲಿ ಪಾರ್ಕಿಂಗ್‌ಗೇ ಪೈಪಿನ ದುಡ್ಡು ಹೋಗಿರುತ್ತದೆ.

ಟ್ರಿಮ್_ದಾವಣಗೆರೆ

ಇಂಜೆಕ್ಷನ್ ಗಾಡಿಯವರ ಪರವಾಗಿ ನಾಲ್ಕು ಮಾತು. ನನ್ನದು 2014ರ ಮಾದರಿ. ಪುಸ್ತಕದಲ್ಲಿ ಇ10 ತನಕ ಅಂತಿದೆ. ಮೈಲೇಜ್ ಇಳಿದಿದೆ ಅಂತ ಒಂದು ಸರ್ವಿಸ್ ಸೆಂಟರ್‌ಗೆ ಹೋದರೆ ಇಂಜೆಕ್ಟರ್ ಸೆಟ್ ಪೂರ್ತಿ ಬದಲಿಸಿ ಅಂದರು. ಸ್ಕ್ಯಾನರ್ ಕೂಡ ಹಾಕಿ ನೋಡಿರಲಿಲ್ಲ. ಹೆಸರು ಬೇಡ ಬಿಡಿ.

ಮನೆಗೆ ಬಂದು ಬ್ಲೂಟೂತ್ ಓಬಿಡಿ ಡಾಂಗಲ್ (ಗಾಡಿಯ ಕಂಪ್ಯೂಟರ್ ಮಾಹಿತಿಯನ್ನು ಫೋನಿಗೆ ಕಳಿಸುವ ಸಾಧನ) ಹಾಕಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್, ಅಂದರೆ ಕಂಪ್ಯೂಟರ್ ಇಂಧನವನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅಂತ ನೋಡಿದೆ. ಲೆಕ್ಕ ಸುಲಭ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಕಿಲೋಗೆ 14.7 ಕಿಲೋ ಗಾಳಿ ಬೇಕು. ಇ10ಗೆ ಸುಮಾರು 14.1, ಇ20ಗೆ ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ ಇಂಧನ ಜಾಸ್ತಿ ಬೇಕು. ಇ10ರಿಂದ ಇ20ಗೆ ಬಂದಾಗ ಶೇ 4-5ರಷ್ಟು. ಎಕ್ಸಾಸ್ಟ್‌ನಲ್ಲಿರುವ ಆಕ್ಸಿಜನ್ ಸೆನ್ಸರ್ ಇದನ್ನು ಗಮನಿಸಿ ಇಸಿಯುಗೆ, ಅಂದರೆ ಇಂಜಿನ್ ಕಂಪ್ಯೂಟರ್‌ಗೆ ಹೇಳುತ್ತದೆ. ಇಸಿಯು ಇಂಜೆಕ್ಟರನ್ನು ಸ್ವಲ್ಪ ಹೆಚ್ಚು ಹೊತ್ತು ತೆರೆದಿಡುತ್ತದೆ. ಆ ಹೆಚ್ಚುವರಿಯೇ ಟ್ರಿಮ್‌ನಲ್ಲಿ ಪ್ಲಸ್ ಆಗಿ ಕಾಣುವುದು.

ನನ್ನ ಗಾಡಿಯಲ್ಲಿ ಪ್ಲಸ್ 6ರ ಆಸುಪಾಸು ಇತ್ತು. ಅದಕ್ಕೆ ಯಾವ ರಿಪೇರಿಯೂ ಬೇಡ. ಪ್ಲಸ್ 15 ದಾಟಿದರೆ, ಅಥವಾ ಪಿ0171 ಕೋಡ್ (ಗಾಳಿಗೆ ತಕ್ಕ ಇಂಧನ ಸಾಲುತ್ತಿಲ್ಲ ಅನ್ನುವ ದೋಷದ ಸಂಕೇತ) ಬಂದರೆ, ಎಥೆನಾಲ್ ಒಂದೇ ಕಾರಣ ಅಂತ ಕೂರಬೇಡಿ. ಎಲ್ಲೋ ಗಾಳಿ ಲೀಕ್ ಇದೆ, ಇಲ್ಲ ಫಿಲ್ಟರ್ ಕಟ್ಟಿದೆ, ಇಲ್ಲ ಪಂಪ್ ಸೋತಿದೆ. ಚಳಿಯಲ್ಲಿ ಸ್ಟಾರ್ಟ್ ಮಾಡುವಾಗ ಮಾತ್ರ ಸೆನ್ಸರ್ ಇನ್ನೂ ಬಿಸಿಯಾಗಿರಲ್ಲ, ಆಗ ಗಾಡಿ ಸ್ವಲ್ಪ ಒರಟಾಗಿ ಓಡಬಹುದು.

ಮೈಲೇಜ್ ಬಗ್ಗೆ: 2021ರ ನೀತಿ ಆಯೋಗದ ವರದಿಯಲ್ಲೇ ಇದೆ. ಶುದ್ಧ ಪೆಟ್ರೋಲ್‌ಗೆ ವಿನ್ಯಾಸ ಮಾಡಿ ಇ10ಗೆ ಹೊಂದಿಸಿದ ಕಾರುಗಳಲ್ಲಿ ಇ20 ಹಾಕಿದರೆ ಶೇ 6-7 ಇಳಿಕೆ. ಇ10ಗೆ ವಿನ್ಯಾಸ ಮಾಡಿ ಇ20ಗೆ ಹೊಂದಿಸಿದವುಗಳಲ್ಲಿ ಶೇ 1-2. ಯಾರಾದರೂ ಶೇ 25 ಇಳಿಯಿತು ಅಂದರೆ ಮೊದಲು ಟೈರ್‌ಗೆ ಗಾಳಿ ನೋಡಲು ಹೇಳಿ.

ಅನುಮಾನ_ಹಾಸನ

ಇದನ್ನೇ ನಾನು ಹೇಳುತ್ತಿದ್ದದ್ದು.

ಹಳೇಗಾಡಿ_ಮೈಸೂರು

ಹಾಸನದ ಸರ್, ನನ್ನ ಗಾಡಿಗೆ ಸೆನ್ಸರೂ ಇಲ್ಲ, ಇಸಿಯುನೂ ಇಲ್ಲ. ಅದಕ್ಕೆ ಯಾರು ಹೇಳಬೇಕು?

ಲ್ಯಾಬ್_ಬೆಂಗಳೂರು

ಅದೇ ವ್ಯತ್ಯಾಸ. ಕಾರ್ಬೊರೇಟರ್‌ಗೆ ಒಳಗೆ ಬಂದ ಇಂಧನ ಯಾವುದು ಅಂತ ಗೊತ್ತಾಗಲ್ಲ. ಜೆಟ್ ರಂಧ್ರ ಎಷ್ಟಿದೆಯೋ ಅಷ್ಟು ಬಿಡುತ್ತದೆ. ಹಾಗಾಗಿ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಇರಲ್ಲ.

ಲೆಕ್ಕ ಹಾಕಿ ನೋಡೋಣ. ಶುದ್ಧ ಪೆಟ್ರೋಲ್‌ನಿಂದ ಇ20ಗೆ ಬಂದರೆ ಗಾತ್ರದಲ್ಲಿ ಸುಮಾರು ಶೇ 7-8 ಜಾಸ್ತಿ ಇಂಧನ ಬೇಕು. ಜೆಟ್‌ನ ರಂಧ್ರದ ವಿಸ್ತೀರ್ಣ ಅಷ್ಟು ಹೆಚ್ಚಬೇಕು, ವ್ಯಾಸ ಅಲ್ಲ. ವ್ಯಾಸದಲ್ಲಿ ಅದು ಶೇ 4ಕ್ಕೂ ಕಡಿಮೆ. ಉದಾಹರಣೆಗೆ ವ್ಯಾಸದ ಅಳತೆ 100ರ ಜೆಟ್ ಇದ್ದರೆ 102.5ಕ್ಕೆ ಹೋದಾಗ ವಿಸ್ತೀರ್ಣ ಶೇ 5, 105ಕ್ಕೆ ಹೋದಾಗ ಶೇ 10. ಅಂದರೆ ಒಂದು ಮೆಟ್ಟಿಲು, ಹೆಚ್ಚೆಂದರೆ ಎರಡು. ಡ್ರಿಲ್ ಬಿಟ್ ಹಿಡಿದು ಕಣ್ಣಂದಾಜಿನಲ್ಲಿ ಜೆಟ್ ಕೊರೆಯುವವರ ಕೈಗೆ ಗಾಡಿ ಕೊಡಬೇಡಿ. ಅಷ್ಟು ಸಣ್ಣ ವ್ಯತ್ಯಾಸ ಕೈಯಲ್ಲಿ ಬರಲ್ಲ. ಮತ್ತೆ ಹಳೇ ಜೆಟ್ ವಾಪಸ್ ಬೇಕೆಂದರೂ ಸಿಗಲ್ಲ.

ಸ್ಪ್ಯಾನರ್_ಹುಬ್ಬಳ್ಳಿ

ಜೆಟ್ ಮುಟ್ಟುವ ಮುಂಚೆ ಸ್ಪಾರ್ಕ್ ಪ್ಲಗ್ ತೆಗೆದು ಬಣ್ಣ ನೋಡಿ ಸರ್. ತಿಳಿ ಕಂದು ಇದ್ದರೆ ಜೆಟ್ ತಂಟೆಗೇ ಹೋಗಬೇಡಿ. ಬಹಳ ಹಳೇ ಗಾಡಿಗಳಲ್ಲಿ ಮಿಶ್ರಣ ಮೊದಲಿಂದಲೇ ಸ್ವಲ್ಪ ದಪ್ಪ ಇರುತ್ತದೆ, ಇ20 ಅದನ್ನು ಸರಿ ಮಾಡಿದ ಹಾಗೂ ಆಗಬಹುದು. ಸುಣ್ಣದ ಹಾಗೆ ಬೆಳ್ಳಗಿದ್ದರೆ, ಏರು ಹತ್ತುವಾಗ ಇಂಜಿನ್ ಜಾಸ್ತಿ ಕಾದರೆ, ಕಾರ್ಬೊರೇಟರ್ ಒಳಗಿಂದ ಪಟ್ ಅಂತ ಸದ್ದು ಬಂದರೆ ಆಗ ಒಂದು ಮೆಟ್ಟಿಲು ಏರಿಸಿ. ಐಡಲ್ ಮಿಕ್ಸ್ಚರ್ ಸ್ಕ್ರೂ ಅಂತೂ ಹೇಗೂ ಹೊಂದಿಸಬೇಕು.

ಟರ್ಬೊ_ತುಮಕೂರು

ಇ20ಗೆ ಇಷ್ಟೊಂದು ಒದ್ದಾಟ ಯಾಕೆ ಗುರು? ನಾನು ಒಂದೇ ಸಲ ಇ85 ಅಥವಾ ಇ100ಗೆ ಮಾಡಿಸೋಣ ಅಂತಿದ್ದೀನಿ. ಆಕ್ಟೇನ್ (ಹೊತ್ತಿಗೆ ಮುಂಚೆ ತಾನೇ ಹೊತ್ತಿಕೊಳ್ಳದ ಗುಣ) ಜಾಸ್ತಿ, ಪವರ್ ಜಾಸ್ತಿ. ಆನ್‌ಲೈನ್‌ನಲ್ಲಿ ಇಂಜೆಕ್ಟರ್ ವೈರ್‌ಗೆ ಸಿಕ್ಕಿಸುವ ಕನ್ವರ್ಷನ್ ಡಬ್ಬಿ ಸಿಗುತ್ತದೆ. ಇ100 ಬಂಕ್‌ಗಳೂ ಶುರುವಾಗಿವೆಯಲ್ಲ?

ಲ್ಯಾಬ್_ಬೆಂಗಳೂರು

ಶುರುವಾಗಿದ್ದು ನಿಜ. 2024ರ ಮಾರ್ಚ್‌ನಲ್ಲಿ ದೇಶದ 183 ಬಂಕ್‌ಗಳಲ್ಲಿ ಅಂತ ಘೋಷಣೆಯಾಯಿತು, ಕರ್ನಾಟಕವೂ ಸೇರಿತ್ತು. ಆದರೆ ಅದು ಫ್ಲೆಕ್ಸ್ ಫ್ಯುಯೆಲ್ ಗಾಡಿಗಳಿಗೆ, ಅಂದರೆ ಎಥೆನಾಲ್ ಎಷ್ಟು ಬೆರೆತಿದ್ದರೂ ಓಡುವಂತೆ ಮಾಡಿದವುಗಳಿಗೆ.

ಡಬ್ಬಿ ಏನು ಮಾಡುತ್ತದೆ ನೋಡಿ. ಇಂಜೆಕ್ಟರ್ ತೆರೆದಿರುವ ಹೊತ್ತನ್ನು ಉದ್ದ ಮಾಡುತ್ತದೆ, ಅಷ್ಟೇ. ಪೂರ್ತಿ ಎಥೆನಾಲ್ ಆದರೆ ಒಂದು ಕಿಲೋಗೆ 9 ಕಿಲೋ ಗಾಳಿ ಸಾಕು. ಪೆಟ್ರೋಲ್‌ಗಿಂತ ಸುಮಾರು ಒಂದೂವರೆ ಪಟ್ಟು ಇಂಧನ ಹರಿಯಬೇಕು. ಇಂಜೆಕ್ಟರ್ ಈಗಾಗಲೇ ಪೂರ್ತಿ ವೇಗದಲ್ಲಿ ಶೇ 80ರಷ್ಟು ಹೊತ್ತು ತೆರೆದೇ ಇದ್ದರೆ ಇನ್ನೆಷ್ಟು ತೆರೆಯಲು ಸಾಧ್ಯ? ಅಲ್ಲಿಗೆ ದೊಡ್ಡ ಇಂಜೆಕ್ಟರ್ ಬೇಕು. ಅದಕ್ಕೆ ತಕ್ಕ ಪಂಪ್ ಬೇಕು. ಆ ಪಂಪಿನ ಮೋಟಾರ್ ಪೆಟ್ರೋಲ್‌ನಲ್ಲೇ ಮುಳುಗಿ ತಿರುಗುತ್ತದೆ. ಎಥೆನಾಲ್ ವಿದ್ಯುತ್ತನ್ನು ಪೆಟ್ರೋಲ್‌ಗಿಂತ ಚೆನ್ನಾಗಿ ಹರಿಸುತ್ತದೆ, ಮೋಟಾರಿಗೆ ವಿದ್ಯುತ್ ಮುಟ್ಟಿಸುವ ತಾಮ್ರದ ಕಮ್ಯುಟೇಟರ್ ಬೇಗ ಸವೆಯುತ್ತದೆ. ಅದಕ್ಕೇ ಫ್ಲೆಕ್ಸ್ ಗಾಡಿಗಳ ಪಂಪ್‌ನಲ್ಲಿ ಕಾರ್ಬನ್ ಕಮ್ಯುಟೇಟರ್ ಹಾಕುತ್ತಾರೆ.

ಜೊತೆಗೆ ಇವತ್ತು ಇ100, ನಾಳೆ ಇ20 ಹಾಕಿದರೆ ಡಬ್ಬಿಗೆ ಗೊತ್ತಾಗುವುದು ಹೇಗೆ? ನಿಜವಾದ ಫ್ಲೆಕ್ಸ್ ವ್ಯವಸ್ಥೆಯಲ್ಲಿ ಪೈಪಿನಲ್ಲೇ ಎಥೆನಾಲ್ ಸೆನ್ಸರ್ ಇರುತ್ತದೆ. ಜಗತ್ತಿನಾದ್ಯಂತ ಹೆಚ್ಚಾಗಿ ಬಳಸುವ ಸೆನ್ಸರ್ 50ರಿಂದ 150 ಹರ್ಟ್ಸ್ ಸಂಕೇತ ಕೊಡುತ್ತದೆ. 50 ಕಳೆದರೆ ಎಥೆನಾಲ್ ಶೇಕಡಾವಾರು. 70 ಹರ್ಟ್ಸ್ ಅಂದರೆ ಇ20. ಅದನ್ನು ಓದಿ ಇಂಧನ, ಇಗ್ನಿಷನ್ ಎರಡನ್ನೂ ಬದಲಿಸುವ ಇಸಿಯು ಬೇಕು. ಆಕ್ಟೇನ್ ಲಾಭ ಸಿಗುವುದು ಇಗ್ನಿಷನ್ ಕಿಡಿ ಇನ್ನೂ ಬೇಗ ಹಾರುವಂತೆ ಮಾಡಿದಾಗ, ಇಲ್ಲ ಕಂಪ್ರೆಷನ್ ಏರಿಸಿದಾಗ. ಸುಮ್ನೆ ಸುರಿದರೆ ಪವರ್ ಬರಲ್ಲ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. ಬೆಂಕಿ ಬಿದ್ದ ದಿನ ವಿಮೆ ಕಂಪನಿಯವರು ಮೊದಲು ನೋಡುವುದು ಇಂಥ ಡಬ್ಬಿಯನ್ನೇ. ಪೈಪು, ಸೀಲು ಬದಲಿಸುವುದು ರಿಪೇರಿ. ಇದು ಬೇರೆ.

ಸಾವೊಪಾಲೊ_ಕನ್ನಡಿಗ

ಬ್ರೆಜಿಲ್‌ನಿಂದ ಬರೆಯುತ್ತಿದ್ದೇನೆ. ಇಲ್ಲಿ ಮಾಮೂಲಿ ಪೆಟ್ರೋಲ್‌ನಲ್ಲೇ ಶೇ 30 ಎಥೆನಾಲ್, 2025ರ ಆಗಸ್ಟ್ 1ರಿಂದ. ಅದಕ್ಕೂ ಮುಂಚೆ ಶೇ 27. ಊರಿನವರು "ಬ್ರೆಜಿಲ್‌ನಲ್ಲಿ ನಡೆಯುತ್ತಲ್ಲ, ಇಲ್ಲಿ ಯಾಕಾಗಲ್ಲ" ಅಂತ ವಾಟ್ಸಾಪ್‌ನಲ್ಲಿ ಕಳಿಸುತ್ತಲೇ ಇರುತ್ತಾರೆ. ಪೂರ್ತಿ ಕಥೆ ಬೇರೆ.

ಎಥೆನಾಲನ್ನು ಇಂಧನವಾಗಿ ಬಳಸುವ ಪ್ರೊಆಲ್ಕೂಲ್ ಯೋಜನೆ ಇಲ್ಲಿ ಶುರುವಾಗಿದ್ದು 1975ರಲ್ಲಿ, ತೈಲ ಬೆಲೆ ಏರಿದ ಮೇಲೆ. 1979ರಲ್ಲಿ ಫಿಯಟ್ 147 ಪೂರ್ತಿ ಆಲ್ಕೋಹಾಲ್‌ನಲ್ಲಿ ಓಡುವ ಕಾರಾಗಿ ಬಂತು. ಆ ಕಾಲದ ಕಾರುಗಳಲ್ಲಿ ಕಾರ್ಬೊರೇಟರ್ ಒಳಗೆ ನಿಕಲ್ ಲೇಪ ಹಾಕುತ್ತಿದ್ದರು, ಏಕೆಂದರೆ ಸತು ಬೆರೆತ ಎರಕವನ್ನು ಇಲ್ಲಿನ ನೀರು ಬೆರೆತ ಎಥೆನಾಲ್ ತಿನ್ನುತ್ತಿತ್ತು. ಟ್ಯಾಂಕಿನ ಒಳಲೇಪವನ್ನೂ ಬದಲಿಸಿದರು. ಬಾನೆಟ್ ಕೆಳಗೆ ಒಂದು ಪುಟ್ಟ ಪೆಟ್ರೋಲ್ ಡಬ್ಬಿ, ಚಳಿಯಲ್ಲಿ ಸ್ಟಾರ್ಟ್ ಮಾಡಲಿಕ್ಕೆ. ಎಥೆನಾಲ್ ತಣ್ಣಗಿದ್ದಾಗ ಆವಿಯಾಗಲು ಹಟ ಮಾಡುತ್ತದೆ. 2003ರಲ್ಲಿ ಫೋಕ್ಸ್‌ವ್ಯಾಗನ್ ಗೋಲ್ ಫ್ಲೆಕ್ಸ್ ಬಂದ ಮೇಲೂ ಆ ಡಬ್ಬಿ ಇತ್ತು. 2009ರಲ್ಲಿ ಇಂಧನವನ್ನು ಮೊದಲೇ ಬಿಸಿ ಮಾಡುವ ವ್ಯವಸ್ಥೆ ಬಂದ ಮೇಲೆ ಹೊಸ ಕಾರುಗಳಲ್ಲಿ ಅದು ಮೆಲ್ಲಗೆ ಹೋಯಿತು.

ಅಂದರೆ ಇಲ್ಲಿ ಇಂಧನದ ಜೊತೆಗೇ ಕಾರೂ ಬದಲಾಯಿತು. 1993ರಿಂದಲೇ ಪೆಟ್ರೋಲ್‌ನಲ್ಲಿ ಶೇ 22 ಬೆರೆಸಬೇಕೆಂದು ಕಾನೂನಿತ್ತು. ಹಾಗಾಗಿ ಇಲ್ಲಿನ ಹಳೇ ಕಾರೂ ಎಥೆನಾಲ್‌ಗೆ ಹುಟ್ಟಿದ್ದು. ನಮ್ಮ ಮೈಸೂರಿನವರ 1996ರ 800 ಹುಟ್ಟಿದ್ದು ಶುದ್ಧ ಪೆಟ್ರೋಲ್‌ಗೆ. ಎರಡನ್ನೂ ಹೋಲಿಸಿ ಸಮಾಧಾನ ಹೇಳುವುದು ನನಗೆ ಸರಿ ಕಾಣಲ್ಲ.

ಅನುಮಾನ_ಹಾಸನ

ಇದು ಒಪ್ಪುವ ಮಾತು. 2025ರ ಆಗಸ್ಟ್‌ನಲ್ಲಿ ನಮ್ಮ ಪೆಟ್ರೋಲಿಯಂ ಸಚಿವಾಲಯವೂ ಕೆಲವು ಹಳೇ ಗಾಡಿಗಳಲ್ಲಿ 20,000ದಿಂದ 30,000 ಕಿ.ಮೀ. ಓಡಿದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಅಂತ ಹೇಳಿತ್ತು. ಖರ್ಚು ಜಾಸ್ತಿ ಆಗಲ್ಲ ಅಂತಲೂ ಸೇರಿಸಿತ್ತು. ನಾನು ಹೇಳುವುದು ಇಷ್ಟೇ, ಹೆದರಿ ಗಾಡಿ ಮಾರಬೇಡಿ.

ಕರಾವಳಿ_ಕಾರು

ಎಲ್ಲರೂ ರಬ್ಬರ್ ಹಿಂದೆ ಬಿದ್ದಿದ್ದೀರಿ. ನಮ್ಮ ಉಡುಪಿ ಮಂಗಳೂರು ಕಡೆ ದೊಡ್ಡ ಶತ್ರು ನೀರು. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಸ್ವಲ್ಪ ನೀರನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ, ಮಿತಿ ಮೀರಿದರೆ ನೀರೂ ಎಥೆನಾಲೂ ಸೇರಿ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಪಂಪ್ ಮೊದಲು ಎಳೆಯುವುದು ತಳದ್ದನ್ನೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಡಿ ನಿಲ್ಲಿಸುವುದಾದರೆ ಅರ್ಧ ಟ್ಯಾಂಕ್ ಬಿಡಬೇಡಿ. ತುಂಬಿಸಿ ನಿಲ್ಲಿಸಿ, ಖಾಲಿ ಜಾಗ ಕಡಿಮೆ ಇದ್ದರೆ ತೇವದ ಗಾಳಿಗೂ ಜಾಗ ಕಡಿಮೆ. ಮುಚ್ಚಳದ ಸೀಲ್ ನೋಡಿ.

ಇನ್ನೊಂದು. ತುಕ್ಕು ಹಿಡಿದ ಟ್ಯಾಂಕಿಗೆ ಒಳಗಿಂದ ಎಪಾಕ್ಸಿ ಬಳಿಸಿದವರು ಹುಷಾರು. ಹಳೇ ಕಾಲದ ಆ ಲೇಪ ಎಥೆನಾಲ್‌ಗೆ ಮೆತ್ತಗಾಗಿ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ನನ್ನ ಜೀಪಿನ ಪೈಪಿನಲ್ಲಿ ಹಾಳೆಯ ಹಾಗೆ ಸಿಕ್ಕಿತು. ಬಳಿಸುವುದಾದರೆ ಎಥೆನಾಲ್‌ಗೆ ತಡೆಯುವ ಲೇಪ ಅಂತ ಡಬ್ಬಿ ಮೇಲೆ ಇರುವುದನ್ನೇ ತನ್ನಿ.

ಕಬ್ಬಿನಗದ್ದೆ_ಮುಧೋಳ

ನಮ್ಮ ಕಬ್ಬಿನ ಎಥೆನಾಲ್‌ಗೆ ಇಷ್ಟೊಂದು ಬೈಗುಳ! ಈಗ ಮೆಕ್ಕೆಜೋಳದ್ದೂ ಬೇಕಾದಷ್ಟು ಬರುತ್ತಿದೆ ರೀ, ಅವರಿಗೂ ಸ್ವಲ್ಪ ಬೈಯಿರಿ. ತಮಾಷೆ ಬಿಡಿ. ಕಬ್ಬಿನದು ಬೇರೆ, ಜೋಳದ್ದು ಬೇರೆ ಅಂತ ಗಾಡಿಗೆ ಏನಾದರೂ ವ್ಯತ್ಯಾಸ ಇದೆಯಾ?

ಲ್ಯಾಬ್_ಬೆಂಗಳೂರು

ಇಲ್ಲ ಅಣ್ಣಾ. ಪೆಟ್ರೋಲ್‌ಗೆ ಬೆರೆಸುವ ಹೊತ್ತಿಗೆ ನೀರು ತೆಗೆದಿರುತ್ತಾರೆ, ಎರಡೂ ಒಂದೇ ಅಣು.

ಹಳೇಗಾಡಿ_ಮೈಸೂರು

ಎಲ್ಲರಿಗೂ ಧನ್ಯವಾದ. ಆರ್9 ಪೈಪ್ ತಂದೆ, ತುದಿ ನೋಡಿಯೇ ತಂದೆ. ಆಕ್ಸಿಲರೇಟರ್ ಪಂಪ್ ಪರೀಕ್ಷೆಯೂ ಮಾಡಿದೆ. ಸ್ಪ್ಯಾನರ್ ಅವರು ಹೇಳಿದ ಹಾಗೆ ಹನಿ ಹನಿ. ಕಾರ್ಬೊರೇಟರ್ ಕಿಟ್, ಪಂಪ್ ಡಯಾಫ್ರಮ್ ಆರ್ಡರ್ ಕೊಟ್ಟಿದ್ದೇನೆ. ಪ್ಲಗ್ ಕಂದಾಗಿಯೇ ಇದೆ, ಹಾಗಾಗಿ ಜೆಟ್ ಸದ್ಯಕ್ಕೆ ಬೇಡ. ಇನ್ನೆರಡು ಪ್ರಶ್ನೆ. ಮೂರನೇ ಮೆಕ್ಯಾನಿಕ್ ಮಾರಲು ನೋಡಿದ ಆ ಬಾಟಲಿ ಟ್ಯಾಂಕಿಗೆ ಸುರಿಯಬೇಕಾ? ಬಂಕ್‌ನಲ್ಲಿ ಕೊಡುವುದು ನಿಜಕ್ಕೂ ಶೇ 20 ಅಂತ ತಿಳಿಯುವುದು ಹೇಗೆ?

ಟ್ರಿಮ್_ದಾವಣಗೆರೆ

ಎರಡನೆಯದಕ್ಕೆ ಹೇಳುತ್ತೇನೆ. 100 ಮಿಲಿಯ ಅಳತೆ ಗಾಜಿನಲ್ಲಿ 10 ಮಿಲಿ ನೀರು, ಮೇಲೆ 90 ಮಿಲಿ ಪೆಟ್ರೋಲ್. ಮುಚ್ಚಿ ಅಲ್ಲಾಡಿಸಿ, ಮಧ್ಯೆ ಮಧ್ಯೆ ಮುಚ್ಚಳ ಸಡಿಲಿಸಿ ಒತ್ತಡ ಬಿಡಿ. ಹತ್ತು ನಿಮಿಷ ಇಡಿ. ಎಥೆನಾಲ್ ನೀರಿಗೆ ಸೇರಿ ಕೆಳಪದರ ಬೆಳೆಯುತ್ತದೆ. ಇ20 ಆಗಿದ್ದರೆ ಕೆಳಪದರ 28ರ ಹತ್ತಿರ ಬರಬೇಕು. ಸ್ವಲ್ಪ ಎಥೆನಾಲ್ ಪೆಟ್ರೋಲ್‌ನಲ್ಲೇ ಉಳಿಯುವುದರಿಂದ ಅಳತೆ ಒಂದೆರಡು ಮಿಲಿ ಕಡಿಮೆ ತೋರಿಸಬಹುದು. ನೀರಿಗೆ ಉಪ್ಪು ಕರಗಿಸಿದರೆ ಇನ್ನೂ ಚೆನ್ನಾಗಿ ಬೇರೆಯಾಗುತ್ತದೆ. ಬಯಲಲ್ಲಿ ಮಾಡಿ, ಬೀಡಿ ಸಿಗರೇಟ್ ದೂರ.

ಲ್ಯಾಬ್_ಬೆಂಗಳೂರು

ಬಾಟಲಿಗೆ ನನ್ನ ಉತ್ತರ: ಲೋಹಕ್ಕೆ ತುಕ್ಕು ತಡೆಯುವ ವಸ್ತು ಒಳ್ಳೆಯ ಬಾಟಲಿಯಲ್ಲಿ ಇರಬಹುದು, ನಿಂತ ಗಾಡಿಗೆ ಅಷ್ಟು ಉಪಯೋಗ. ಆದರೆ ಊದಿದ ರಬ್ಬರನ್ನು ಯಾವ ಬಾಟಲಿಯೂ ಹಿಂದಕ್ಕೆ ತರಲ್ಲ. ಆ ದುಡ್ಡಿನಲ್ಲಿ ಒಂದು ಮೀಟರ್ ಪೈಪ್ ಜಾಸ್ತಿ ತನ್ನಿ.

ಸ್ಪ್ಯಾನರ್_ಹುಬ್ಬಳ್ಳಿ

ಸರ್, ಕೆಲಸ ಶುರು ಮಾಡುವ ಮುಂಚೆ ಬ್ಯಾಟರಿ ನೆಗೆಟಿವ್ ತೆಗೆಯಿರಿ. ಹಲ್ಲಿರುವ ತಿರುಪು ಕ್ಲಾಂಪ್ ಬೇಡ, ಹೊಸ ಪೈಪನ್ನು ಕಚ್ಚಿ ಹರಿಯುತ್ತದೆ. ಸುತ್ತಲೂ ಸಮನಾಗಿ ಹಿಡಿಯುವ ಬೋಲ್ಟ್ ಕ್ಲಾಂಪ್ ತನ್ನಿ.

ಫಿಲ್ಟರ್ ಈಗ ಒಂದು ಹಾಕಿ, ಇನ್ನೊಂದು ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಎಥೆನಾಲ್ ಹಳೇ ಟ್ಯಾಂಕಿನ ಗೋಡೆಗೆ ಅಂಟಿದ ಕೊಳೆ ತೊಳೆದು ಮುಂದಕ್ಕೆ ತಳ್ಳುತ್ತದೆ. ಮೊದಲ ಎರಡು ಮೂರು ಟ್ಯಾಂಕ್‌ಗೇ ಫಿಲ್ಟರ್ ಕಟ್ಟಿಕೊಂಡು ಗಾಡಿ ಏರಿನಲ್ಲಿ ನಿಂತರೆ ಪಂಪ್ ಹೋಯಿತು ಅಂತ ಯಾರಾದರೂ ಹೊಸ ಪಂಪ್ ಮಾರುತ್ತಾರೆ. ಪಾರದರ್ಶಕ ಫಿಲ್ಟರ್ ಹಾಕಿದರೆ ಕಣ್ಣಿಗೇ ಕಾಣುತ್ತದೆ. ಎಲ್ಲಾ ಮುಗಿದ ಮೇಲೆ ಇಂಜಿನ್ ಹದಿನೈದು ನಿಮಿಷ ಓಡಿಸಿ, ಬಂದ್ ಮಾಡಿ, ಪ್ರತಿ ಕ್ಲಾಂಪ್ ಸುತ್ತ ಟಿಶ್ಯೂ ಕಾಗದ ಒತ್ತಿ ನೋಡಿ. ಒದ್ದೆಯಾದರೆ ಫೋಟೋ ಸಮೇತ ಇಲ್ಲೇ ಹಾಕಿ.